ಬಾರ್ಬಾ ಯೆರೊಲಿಮನ ಪಂದ್ಯ

ಮೇಜಿನ ಮೇಲೆ ಎರಡನ್ನೂ ಇಟ್ಟೆ.
ಒಂದು ಎಪ್ಪತ್ತೆರಡರದು: ಹಿತ್ತಾಳೆ, ಸುಲಿದ ಕ್ರೋಮ್,
ಅಂಚಿನಲ್ಲಿ ಹಸಿರು ಕಿಲುಬು, ಅಂಗೈ ತುಂಬ ತೂಕ.
ಇನ್ನೊಂದು ಹೋದ ತಿಂಗಳು ಸ್ಪ್ಲಿಟ್‌ನಿಂದ ಬಂದದ್ದು:
ಕರಿ ಪ್ಲಾಸ್ಟಿಕ್ಕು, ಕಿತ್ತಳೆ ಸಿಪ್ಪೆಯಷ್ಟು ಹಗುರ,
ಉಸಿರನ್ನು ಬೇಕಾದಷ್ಟು ಸಡಿಲಿಸಿಕೊಳ್ಳಲು
ಪಕ್ಕದಲ್ಲೊಂದು ತಿರುಪು.

"ಬರೆದುಕೋ ಮಾಂಡಾ," ಎಂದ ಬಾರ್ಬಾ ಯೆರೊಲಿಮ್,
ಝ್ಲಾರಿನ್ನಿನ ಬಂಡೆಗಳಲ್ಲಿ ನಲವತ್ತು ವರ್ಷ ಹವಳ ಕಿತ್ತವನು.
"ನನ್ನದು ಗೆದ್ದರೆ ಒಂದು ಲೀಟರ್ ಸಿಹಿ ವೈನು,
ನಿನ್ನಪ್ಪನ ಪೀಪಾಯಿಯದ್ದೇ ಆಗಬೇಕು."
"ಸೋತರೆ?"
"ಸೋತಾಗ ನೋಡಿಕೊಳ್ಳೋಣ."

ಸೂಜಿಗೆ ಯಾರ ಮುಲಾಜೂ ಇಲ್ಲ.
ಹೊಸದು ಎರಡೂವರೆ ಸೆಂಟಿಮೀಟರ್ ನೀರಿನೆಳೆತಕ್ಕೇ ಬಾಯಿಬಿಟ್ಟಿತು.
ಹಳೆಯದಕ್ಕೆ ಐದು ಬೇಕಾಯಿತು; ಅದೂ ಬಿಡುವ ಮುಂಚೆ
ಒಮ್ಮೆ ಗೊಣಗಿತು.
"ಗೊಣಗಲಿಲ್ಲ," ಎಂದ ಮುದುಕ, "ಗಂಟಲು ಸರಿಮಾಡಿಕೊಂಡಿತು."

ಬುರಾ ಗಾಳಿ ನಿಂತ ಮೇಲೆ ನೀರಿಗಿಳಿದೆವು,
ಹನ್ನೆರಡು ಮೀಟರ್, ಎರಡು ದಿನ, ಒಂದೇ ಬಂಡೆ.
ನಾನು ಗೇಜು ನೋಡುವಂತಿಲ್ಲ, ಅದು ಅವನ ಷರತ್ತು.
ಗೇಜು ತಮ್ಮ ಶಿಮೆಯ ಮುಷ್ಟಿಯಲ್ಲಿ,
ಮೇಯಲು ಬಿಟ್ಟ ಕತ್ತೆಯ ಹಗ್ಗ ಹಿಡಿದವನ ಹಾಗೆ
ಅವನು ನನ್ನ ಹಿಂದೆ.

ಮೊದಲ ದಿನ ಹೊಸದು.
ಎಲೆ ಖಾಲಿಯಾಗುವ ಮೊದಲೇ ಬಡಿಸುವವರ ಹಾಗೆ
ಕೇಳುವ ಮುನ್ನವೇ ಕೊಡುತ್ತಿತ್ತು.
ಉಸಿರಾಡುತ್ತಿದ್ದೇನೆಂಬುದೇ ಮರೆತು
ಮಧ್ಯಾಹ್ನಕ್ಕೆ ಸಾರ್ಡೀನು ಹುರಿಯಲೋ ಬೇಯಿಸಲೋ ಎಂದುಕೊಳ್ಳುತ್ತಿದ್ದೆ.
ಶಿಮೆ ಈಜುರೆಕ್ಕೆ ಹಿಡಿದು ಜಗ್ಗಿದ.
ಮುಳ್ಳು ಮೂವತ್ತರಲ್ಲಿತ್ತು.
ಇನ್ನೂರರಲ್ಲಿ ಹೇಗೋ ಹಾಗೇ, ಕೂದಲೆಳೆಯೂ ವ್ಯತ್ಯಾಸವಿಲ್ಲದೆ,
ನಗುನಗುತ್ತಾ ಬಡಿಸುತ್ತಿತ್ತು.

ಮರುದಿನ ಹಿತ್ತಾಳೆ.
ದವಡೆ ನೋಯಿತು. ಗುಳ್ಳೆಗಳು ಕನ್ನಡಕದ ಮುಂದೆಯೇ ಎದ್ದು
ಅರ್ಧ ಸಮುದ್ರ ಕಾಣಲಿಲ್ಲ.
ಆದರೆ ಗಂಟಲು ಒಣಗಲಿಲ್ಲ: ಬಿಟ್ಟ ಉಸಿರಿನ ತೇವ
ತಣ್ಣನೆಯ ಲೋಹದ ಮೇಲೆ ಕೂತು
ಮತ್ತೆ ನಾಲಿಗೆಗೇ ಬರುತ್ತಿತ್ತು.
ಆಮೇಲೆ, ಎಷ್ಟು ಹೊತ್ತಿಗೋ, ಗಾಳಿ ಗಟ್ಟಿಯಾಯಿತು.
ಮೊದಲು ಮಜ್ಜಿಗೆ, ಆಮೇಲೆ ಮೊಸರು.
ಎಳೆದೆ. ಕೊಟ್ಟಿತು, ಕೈ ಬಿಗಿಹಿಡಿದು.
ಶಿಮೆ ಜಗ್ಗುವ ಮೊದಲೇ
ನಾನು ಹೆಬ್ಬೆರಳು ಮೇಲೆತ್ತಿ ತೋರಿಸಿದ್ದೆ.

ಪುಸ್ತಕದಲ್ಲಿ ಬರೆದೆ: ಎಳೆತ, ಹೊಸದಕ್ಕೆ ಜಯ.
ತೂಕ, ಹೊಸದಕ್ಕೆ. ಗಂಟಲು, ಹಳೆಯದಕ್ಕೆ.
ನಾಲ್ಕನೆಯ ಸಾಲಿಗೆ ಏನು ಹೆಸರಿಡಬೇಕೋ ತಿಳಿಯದೆ
ಖಾಲಿ ಬಿಟ್ಟೆ.

ಸಂಜೆ ಬಾರ್ಬಾ ಬಂದ. ಫಲಿತಾಂಶ ಕೇಳಲಿಲ್ಲ.
ಹಳೇ ಪೇಪರಿನಲ್ಲಿ ಸುತ್ತಿದ್ದೊಂದನ್ನು ಮೇಜಿಗೆ ತಳ್ಳಿದ.
"ಸೀಲು ಸೋರುತ್ತಿದೆ. ನೋಡು. ಹಡಗುಕಟ್ಟೆಯಲ್ಲಿ ಬಾಯಿಬಿಡಬೇಡ."
ಬಿಚ್ಚಿದೆ: ಕರಿ ಪ್ಲಾಸ್ಟಿಕ್ಕು.
ಕಚ್ಚುಗುರುತು ಮೂರು ನಾಲ್ಕು ವರ್ಷ ಹಳೆಯದು,
ತಿರುಪು ಕೊನೆಯವರೆಗೂ ಸಡಿಲ.
"ಐದು ಸೆಂಟಿಮೀಟರ್," ಎಂದ, ಎದೆ ಮುಟ್ಟಿ,
"ಈಗ ಏರಲಾಗದ ಏಣಿ."

ಸೀಲು ಬದಲಿಸಿಕೊಟ್ಟೆ. ವೈನನ್ನು ಇಬ್ಬರೂ ಕುಡಿದೆವು,
ಪಂದ್ಯ ಯಾರದೆಂದು ಇಬ್ಬರೂ ಎತ್ತಲಿಲ್ಲ.
ಹೋಗುವಾಗ ಹಿತ್ತಾಳೆಯದನ್ನು ಮರೆತ,
ಮರೆಯುವವನಲ್ಲ ಅವನು.

ದೀಪ ಆರಿಸುವ ಮುನ್ನ
ಉಳಿದ ಮೂವತ್ತು ಬಾರಿಗೆ ಅದನ್ನು ಜೋಡಿಸಿ
ಬಾಯಿಗಿಟ್ಟು ಎಳೆದೆ.
ಗಂಟಲು ಸರಿಮಾಡಿಕೊಂಡಿತು.