ಗೇಟಿನ ಪುಸ್ತಕ

ನೈರೋಬಿಯ ಪೂರ್ವಕ್ಕೆ, ಬಸ್ಸು ತಿರುಗುವಲ್ಲಿ
ಹೆರಿಗೆ ಆಸ್ಪತ್ರೆ. ಅದರ ಹಸಿರು ಗೇಟಿಗೆ
ಹನ್ನೊಂದು ವರ್ಷ ನಾನೇ ಕಾವಲು.
ನನ್ನ ಹತ್ತಿರ ಒಂದು ಪುಸ್ತಕ, ದಾರ ಕಟ್ಟಿದ ಪೆನ್ನು,
ಎರಡು ಕಾಲಂ: ಒಳಗೆ, ಹೊರಗೆ.

ಗುಲಾಬಿ ಚೀಟಿ ತೋರಿಸಿದರೆ ಚಿಲಕ ತೆಗೆಯುತ್ತೇನೆ.
ದುಡ್ಡು ಕಟ್ಟದವರಿಗೆ ಚೀಟಿಯಿಲ್ಲ,
ಚೀಟಿಯಿಲ್ಲದವರಿಗೆ ನಾನಿಲ್ಲ.
ಕಷ್ಟದ ಕೆಲಸವೇನಲ್ಲ ಅನ್ನುತ್ತಿದ್ದೆ ಮನೆಯಲ್ಲಿ.

ಕೆಮುಂಟೊ ಬಂದದ್ದು ಮಾರ್ಚ್ ನಾಲ್ಕರ ರಾತ್ರಿ
ಬೈಕಿನ ಹಿಂದೆ, ಹಲ್ಲು ಕಚ್ಚಿಕೊಂಡು.
ಬರೆದುಕೊಂಡೆ. ಬೆಳಗಿನ ಜಾವ ಹೆಣ್ಣು ಮಗು.
ಏಳನೇ ತಾರೀಕು ಡಾಕ್ಟರು ಹೋಗಬಹುದು ಎಂದರು.
ಹೇಗೆ ಹೋಗುತ್ತಾಳೆ, ಊರವರ ಬಟ್ಟೆ ಒಗೆದು ಉಣ್ಣುವವಳು?
ಉಳಿದ ಒಂದೊಂದು ದಿನಕ್ಕೂ ಮಂಚದ ಬಾಡಿಗೆ.
ಮಂಚವೆಲ್ಲಿತ್ತು? ಮಲಗಿದ್ದು ನೆಲದಲ್ಲಿ,
ಬೇರೆ ಬಾಣಂತಿಯರ ಕಾಲ ಬುಡಕ್ಕೆ.
ನೆಲಕ್ಕೂ ಬಿಲ್. ಬೆಳೆಯಿತು ಅದು
ಮಗುವಿಗಿಂತ ಚುರುಕಾಗಿ.

ಒಂದು ಸಂಜೆ ಬೆನ್ನಿಗೆ ಕೂಸು ಕಟ್ಟಿಕೊಂಡು ನಿಂತಳು:
"ನಾನು ಒಳಗೆ ಬಂದದ್ದು ಬರೆದಿದ್ದೀಯ, ಸರಿ.
ಇವಳು ಯಾವಾಗ ಬಂದಳು? ತೋರಿಸು."
ಪುಟ ತಿರುವಿದೆ. ಹಿಂದೆ. ಮುಂದೆ.
ಗೇಟು ದಾಟಿ ಬರದೇ ಇದ್ದವಳನ್ನು
ಯಾವ ಲೆಕ್ಕದಲ್ಲಿ ಹಿಡಿದಿಟ್ಟಿದ್ದೆ?
ಚಿಲಕ ತೆಗೆಯಲಿಲ್ಲ. ಅದನ್ನೂ ಹೇಳಬೇಕು.
ನನ್ನ ಮನೆಯಲ್ಲೂ ನಾಲ್ಕು ಹೊಟ್ಟೆ.

ಆಮೇಲೆ ನಸಿಯೆಕು. ಇನ್ನೂ ಪೂರ್ತಿ ವಕೀಲೆಯಲ್ಲ,
ಹಿಮ್ಮಡಿ ಸವೆದ ಶೂಸು, ಚೀಲದಲ್ಲಿ ರಟ್ಟು ಕಿತ್ತ ಸಂವಿಧಾನ.
ಸರಳುಗಳ ನಡುವೆ ಹಿಡಿದು ಓದಿದಳು:
ನಲವತ್ತಮೂರನೇ ವಿಧಿ. ಆರೋಗ್ಯ, ಸೂರು, ಅನ್ನ, ನೀರು,
ಪ್ರತಿಯೊಬ್ಬರಿಗೂ.
"ಪ್ರತಿಯೊಬ್ಬರು ಅಂದರೆ ಯಾರು?"
"ನೀನೂ" ಅಂದಳು.
ನಗು ಬಂತು. ರಾತ್ರಿ ನಿದ್ದೆ ಬರಲಿಲ್ಲ.

ಕೋರ್ಟಿನಲ್ಲಿ ಆಸ್ಪತ್ರೆಯ ವಕೀಲರು,
"ಇದು ಬಂಧನವಲ್ಲ ಸ್ವಾಮಿ, ಬಾಕಿ" ಎಂದರು.
ಜಡ್ಜಮ್ಮ ನನ್ನ ಪುಸ್ತಕ ಕೇಳಿದರು. ಓದಿದೆ.
ಒಳಗೆ: ಮಾರ್ಚ್ ನಾಲ್ಕು. ಹೊರಗೆ: ಖಾಲಿ.
ಕೆಳಗಿನ ಹೆಸರು, ಖಾಲಿ. ಅದರ ಕೆಳಗಿನದು, ಖಾಲಿ.
ಹತ್ತೊಂಬತ್ತನೆಯದಕ್ಕೆ ಗಂಟಲು ಕಟ್ಟಿತು,
ನೀರು ಕೇಳಿದೆ.

ಸಾಲವಿದ್ದರೆ ದಾವೆ ಹೂಡಿ,
ತಾಯಿಯನ್ನು ಅಡವಿಟ್ಟುಕೊಳ್ಳುವಂತಿಲ್ಲ. ಇಷ್ಟು ತೀರ್ಪು.
ಸಾಲ ಹಾಗೇ ಇದೆ. ವಾರಕ್ಕೆ ಐವತ್ತು ಶಿಲ್ಲಿಂಗ್ ಕಟ್ಟುತ್ತಾಳೆ,
ಬಟ್ಟೆ ಒಣಗದ ವಾರ ಇಲ್ಲ.
ನನ್ನ ಕೆಲಸ ಹೋಯಿತು.

ಆದರೆ ಕೊನೆಯ ಪಾಳಿಯಲ್ಲಿ ನಾನೇ ಇದ್ದೆ,
ಅವಳು ಬಂದಾಗ, ಚೀಟಿಯಿಲ್ಲದೆ.
ಎಂದೂ ಒಳಗೆ ಬರದವಳನ್ನು ಹೊರಗೆ ಎಂದು ಬರೆಯಬೇಕಿತ್ತು.
ಮಗುವಿನ ಹೆಸರೇನೆಂದೆ.
"ಇಟ್ಟಿಲ್ಲ. ರಸ್ತೆ ದಾಟಿದ ಮೇಲೆ ಇಡೋಣ ಅಂತ."
ಆ ಸಾಲು ಬಿಟ್ಟೆ.
ಗೇಟಿನ ಎರಡೂ ಕದ ತೆಗೆದೆ,
ಆಂಬುಲೆನ್ಸಿಗೆ ತೆಗೆಯುವ ಹಾಗೆ.