ಹನ್ನೊಂದು ದಿನದ ಬಟ್ಟೆ

ಮಾಜಾಳಿಯ ದಂಡೆಯಲ್ಲಿ ತಗಡಿನ ಡಬ್ಬ ಕುದಿಯುತ್ತಿದೆ.
ಒಳಗೆ ಮತ್ತಿಯ ತೊಗಟೆ, ಸವಳು ನೀರು, ಮೇಲೆ ಕೆಂಪು ನೊರೆ.
ಸೋಮಿ ಹರಿಕಂತ್ರ ಕಡ್ಡಿ ಅದ್ದಿ ನಾಲಿಗೆಗೆ ತಾಗಿಸಿ
ಮುಖ ಕಿವುಚುತ್ತಾಳೆ: "ಚೊಗರು ಸಾಲ."
ನಾನು ಬರೆದುಕೊಳ್ಳುತ್ತೇನೆ: ನಲವತ್ತು ನಿಮಿಷ, ತೊಂಬತ್ತೆಂಟು ಡಿಗ್ರಿ.
ನಾಲಿಗೆಗೆ ನನ್ನ ಪಟ್ಟಿಯಲ್ಲಿ ಕಾಲಂ ಇಲ್ಲ.

ನೀಲಿಕಲ್ಲಿನ ಮರಿಗಳನ್ನು ಹಗ್ಗಕ್ಕೆ ಸುತ್ತಲು
ಒಂದು ಬಟ್ಟೆ ಬೇಕಿತ್ತು, ಹೊಳೆಗೆ ಪ್ಲಾಸ್ಟಿಕ್ ಬಿಡದ್ದು.
ಮರಿ ನಾರು ಚಾಚಿ ಹಗ್ಗ ಹಿಡಿಯುವ ತನಕ
ತಬ್ಬಿಕೊಂಡಿದ್ದರೆ ಸಾಕು.
ನಾವು, ಕಾರವಾರದ ಪ್ರಯೋಗಾಲಯದವರು,
ಆರು ತಿಂಗಳು ಗಟ್ಟಿತನವನ್ನೇ ಬೆನ್ನಟ್ಟಿದೆವು;
ಯಂತ್ರದ ದವಡೆಯಲ್ಲಿ ಎಳೆ ಸಿಕ್ಕಿಸಿ
ಹರಿಯದಾಗ ಚಪ್ಪಾಳೆ ತಟ್ಟಿದೆವು.
ಮೊದಲ ಹಗ್ಗ ಎತ್ತಿದಾಗ ಬಟ್ಟೆ ಹೊಚ್ಚ ಹೊಸದು.
ಒಳಗೆ ಮರಿಗಳು ಬಾಯಿ ತೆರೆದು ಸತ್ತಿದ್ದವು.

ಅಂದು ಸೋಮಿ ಕೇಳಿದಳು:
"ಇದು ಸಾಯೂದು ಯಾವಾಗ, ತಂಗೀ?"

ಹತ್ತಿಬಲೆಯ ಕಾಲದಲ್ಲಿ ಅವಳಪ್ಪನ ಲೆಕ್ಕ:
ಒಂದು ಕುದಿಗೆ ಒಂದು ಹುಣ್ಣಿಮೆ,
ಮೂರು ಕುದಿಗೆ ಮಳೆಗಾಲದ ತನಕ.
ಅರ್ಧ ಕುದಿಗೆ ಎಷ್ಟು ದಿನ ಎಂದೆ.
"ಯಾರಿಗ್ ಗೊತ್ತು? ಬಲೆ ಬೇಗ ಹರೀಲಿ ಅಂತ
ಯಾರ್ ಕೇಳ್ತಾರೆ!"

ತೊಗಟೆ ಸುತ್ತ ಸುಲಿಯುವಂತಿಲ್ಲ.
ಅಂಗೈಯಗಲ, ಮೂಡಣ ಬದಿಯಲ್ಲಿ ಮಾತ್ರ.
ನಾನು ಎರಡೂ ಬದಿಯದನ್ನು ಅಳೆದೆ,
ಪಡುವಣದ್ದೂ ಅಷ್ಟೇ ಚೊಗರು, ಹೇಳಿದೆ, ಸ್ವಲ್ಪ ಹೆಮ್ಮೆಯಿಂದ.
ಅವಳು ವೀಳ್ಯ ಮಡಚುತ್ತ:
"ಮಳೆ ಹೊಡಿಯೂದು ಯಾವ ಬದಿಗೆ?
ಗಾಯ ನಿಂದಲ್ಲ, ಮರದ್ದು."

ಅವಳೂ ಒಮ್ಮೆ ಸೋತಳು.
ಪೇಟೆಯಿಂದ ತಂದ ಬಟ್ಟೆ ಎಷ್ಟು ಕುದಿಸಿದರೂ ಬಣ್ಣ ಕುಡಿಯದೆ
ತನ್ನ ಕೈಗುಣವೇ ಹೋಯಿತೆಂದು
ಎರಡು ದಿನ ಡಬ್ಬ ಮಗುಚಿಟ್ಟು ಕೂತಳು.
ಸೂಕ್ಷ್ಮದರ್ಶಕವನ್ನು ದಂಡೆಗೇ ಹೊತ್ತು ತಂದೆ.
ಹತ್ತಿಯ ತಿರುಚು ಎಳೆಗಳ ನಡುವೆ
ನುಣ್ಣಗೆ, ಸರಳಿನ ಹಾಗೆ, ಪಾಲಿಯೆಸ್ಟರ್.
ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ
"ಕಳ್ಳ" ಎಂದಳು, ಅಂಗಡಿಯವನಿಗೆ.

ಇಂದು ಹನ್ನೊಂದನೆಯ ದಿನ. ಇಳಿತ.
ಅಳಿಯ ಗಣಪು ದೋಣಿಯಿಂದ ಹಗ್ಗ ಎಳೆಯುತ್ತಾನೆ.
ಬಟ್ಟೆ ಇಲ್ಲ.
ಒಂದೆರಡು ಕಂದು ಚೂರು ಬೆರಳಿಗಂಟಿ ಪುಡಿಯಾಗುತ್ತವೆ.
ಮರಿಗಳು ಹಗ್ಗ ಕಚ್ಚಿವೆ, ಜಗ್ಗಿದರೂ ಬಿಡುವುದಿಲ್ಲ.

ಅರ್ಜಿಯಲ್ಲಿ 'ಕಂಡುಹಿಡಿದವರು' ಎಂಬಲ್ಲಿ ಒಂದೇ ಗೆರೆ.
ಅವಳ ಹೆಸರು ಬರೆದೆ, ನನ್ನದು ಬರೆದೆ.
"ಅಪ್ಪಂದು?" ಎಂದಳು.
ಕಾಗದ ಅಡ್ಡ ತಿರುಗಿಸಿ ಅಂಚಿನಲ್ಲಿ ತುರುಕಿದೆ.
ಅಪ್ಪನಿಗೆ ಕಲಿಸಿದವರ ಹೆಸರು ಅವಳಿಗೂ ತಿಳಿಯದು.

ಹಗ್ಗದ ಕೆಳಗಿನ ಮೂರು ಮೊಳ ಮಾತ್ರ ಬೋಳು.
ಯಾಕೆಂದು ಇಬ್ಬರಿಗೂ ಗೊತ್ತಿಲ್ಲ.
"ಅಡಿಯ ನೀರು ಎಷ್ಟು ತಂಪು, ನೀ ನೋಡು," ಎನ್ನುತ್ತ
ಅವಳು ಆಗಲೇ ಒಲೆಗೆ ತೆಂಗಿನ ಗರಿ ಒಟ್ಟುತ್ತಿದ್ದಾಳೆ.