ಖರಾಬು

ಪಹಣಿಯ ಕಾಲಮ್ಮಿನಲ್ಲಿ ಬರೆದಿದ್ದು ಖರಾಬು, ಹನ್ನೆರಡು ಗುಂಟೆ.
ರಾಗಿ ಬೆಳೆಯದ, ಕಂದಾಯ ಕಟ್ಟದ,
ಯಾರಪ್ಪನ ಹೆಸರಿಗೂ ಏರದ ನೆಲ.
ಯಲಹಂಕದಾಚೆ, ಬಸ್ಸು ತಿರುಗಿಕೊಳ್ಳುವಲ್ಲಿ,
ನಾಕು ತಂಗಡಿ ಗಿಡ, ಏರಿ ಒಡೆದ ಒಂದು ಕುಂಟೆ.

ಖರಾಬು ಹೇಗೆ ಸೈಟಾಯಿತೆಂದು ನನ್ನ ಕೇಳಬೇಡಿ.
ನಾನು ಮೋಜಣಿಯವನು.
ಸರಪಳಿ ಹಿಡಿದು ಪಿಳ್ಳಪ್ಪ ಮುಂದೆ, ಪುಸ್ತಕ ಹಿಡಿದು ನಾನು ಹಿಂದೆ.
ಮೂವತ್ತು ನಲವತ್ತರಂತೆ ಕಲ್ಲು ನೆಟ್ಟು
ಕೆಂಪು ಬಣ್ಣದಲ್ಲಿ ನಂಬರು ಬರೆದು ಬರುವುದು ಕೆಲಸ.

ಅರವತ್ತೊಂದನೇ ಕಲ್ಲಿಗೆ ಗುಂಡಿ ತೋಡುವಾಗ
ಹಾರೆಯ ಪಕ್ಕಕ್ಕೆ ಉರುಳಿತು
ಒದ್ದೆ ಮಣ್ಣಿನ ಹೆಂಟೆ.
ಉಸಿರಾಡುವ ಹೆಂಟೆ.
ಅಂಗೈಯಗಲವೂ ಇಲ್ಲ. ಮೈತುಂಬ ಹುರಿದ ಎಳ್ಳು ಚೆಲ್ಲಿದ ಹಾಗೆ ಚುಕ್ಕಿ,
ನಿದ್ದೆ ಕೆಟ್ಟ ಯಜಮಾನನ ಮುಖ.

"ಬಿಲದ ಕಪ್ಪೆ ಸ್ವಾಮಿ," ಎಂದ ಪಿಳ್ಳಪ್ಪ.
"ಮಳೆ ಬಂದ್ರೆ ಮೂರು ರಾತ್ರಿ ಹೊರಗೆ, ಆಮೇಲೆ ಒಳಗೇ.
ನಮ್ಮಜ್ಜಿ ಇದು ಕೂಗಿದ ಮೇಲೇನೇ
ಬಿತ್ತನೆ ರಾಗಿ ಮೂಟೆ ಬಿಚ್ತಿದ್ಲು."

ಕೆಳಗಿಟ್ಟೆವು. ಓಡಲಿಲ್ಲ.
ನಮ್ಮನ್ನೇ ನೋಡುತ್ತ
ಹಿಂಗಾಲಲ್ಲಿ ಮಣ್ಣು ಒತ್ತರಿಸಿ, ಆಚೀಚೆ ಅಲುಗಿ
ಹಿಂದುಹಿಂದಕ್ಕೇ ಇಳಿಯತೊಡಗಿತು,
ದೇವರಿಗೆ ಬೆನ್ನು ತೋರದೆ
ಗುಡಿಯಿಂದ ಹಿಮ್ಮೆಟ್ಟುವ ಮುದುಕಿಯ ಹಾಗೆ.
ಸೊಂಟ ಹೋಯಿತು. ಹೆಗಲು.
ಎರಡು ಕಣ್ಣು ಇನ್ನೂ ಇದ್ದವು.
ಆಮೇಲೆ ಸುಮ್ಮನೆ ನೆಲ.
(ನಾವು ಯಾವಾಗ ದೇವರಾದೆವೋ.)

ಜೂನಿನಲ್ಲಿ ತಸ್ನೀಮ್ ಬಂದಳು, ಹಣೆಗೆ ದೀಪ ಕಟ್ಟಿಕೊಂಡು,
ಮಂಡಿಯುದ್ದ ಬೂಟು, ಕೈಯಲ್ಲೊಂದು ಮೈಕು.
ನಾನು ಅಳೆಯುವವನು, ಅವಳು ಎಣಿಸುವವಳು.
ಅವಳ ಪುಸ್ತಕದಲ್ಲೂ ಕಾಲಮ್ಮುಗಳಿವೆ;
ಖರಾಬು ಎಂಬುದಿಲ್ಲ,
ಅಲ್ಲಿ ಆವಾಸ ಎಂದಿದೆ.
"ಹೋದ ವರ್ಷ ಈ ಕುಂಟೆಯಲ್ಲಿ ಹತ್ತೊಂಬತ್ತು ಗಂಡು ಕೂಗಿದ್ವು ಸರ್."
ಈ ಸಲ ಎಷ್ಟೆಂದು ಹೇಳಲಿಲ್ಲ, ಇಯರ್‌ಫೋನು ನನ್ನ ಕಿವಿಗಿಟ್ಟಳು.

ವಿಮಾನ. ಹೆದ್ದಾರಿ. ಎಲ್ಲೋ ಬೋರ್‌ವೆಲ್ ಕೊರೆತ.
ಅದರಡಿ, ತೀರ ಅಡಿಯಲ್ಲಿ,
ಸಾಲ ಕೇಳಲು ಬಂದವನು ಬಾಗಿಲು ಬಡಿದಂತೆ
ಒಂದು.
ತಡೆದು, ಇನ್ನೊಂದು.

ಅವಳು ಎರಡು ಎಂದು ಬರೆದಳು.
ಒಂದೇ ಎರಡು ಸಲ ಕೂಗಿರಬಹುದು
ಎಂದುಕೊಂಡೆ. ಹೇಳಲಿಲ್ಲ.

ನಿನ್ನೆ ಸೈಟಿನವರು ಟೇಪು ಹಿಡಿದು ಬಂದು ಜಗಳ:
"ಅರವತ್ತೊಂದನೇ ಕಲ್ಲು ಒಂದೂವರೆ ಅಡಿ ವಾರೆ ಇದೆಯಲ್ರೀ!"
ಇದೆ, ಎಂದೆ.
ಪಿಳ್ಳಪ್ಪ ಅತ್ತ ತಿರುಗಿ ಬೀಡಿ ಹಚ್ಚಿದ.
ನಾಳೆ ಕಾಂಕ್ರೀಟು ಬಂದರೆ
ಒಂದೂವರೆ ಅಡಿ ಯಾವ ಲೆಕ್ಕ, ಗೊತ್ತು ನನಗೆ.
ಮೋಡ ಇತ್ತು. ಇನ್ನೂ ಬಿದ್ದಿರಲಿಲ್ಲ.